ಸೆಪ್ಟೆಂಬರ್ 8ರ ಎದುರು ಯಾರ ಹೆಸರು ಬರೆಯಲಿ?

ಗ್ರಾಮಫೋನ್_ಮನೆ

ಎಲ್ಲರಿಗೂ ನಮಸ್ಕಾರ. ಹನ್ನೆರಡು ವರ್ಷದಿಂದ ನಮ್ಮ ಮನೆಯಲ್ಲಿ ಒಂದು ಪುಸ್ತಕ ಇದೆ. 366 ಪುಟ, ತಾರೀಕಿಗೊಂದು ಪುಟ. ಅಮೆರಿಕದ ಕಂಟ್ರಿ ಸಂಗೀತದವರಲ್ಲಿ ಆವತ್ತು ಹುಟ್ಟಿದವರು, ಆವತ್ತು ತೀರಿಕೊಂಡವರು, ಆವತ್ತು ನಡೆದ ರೆಕಾರ್ಡಿಂಗು, ಎಲ್ಲ ಅದರಲ್ಲಿ ಬರೆದಿಟ್ಟಿದ್ದೇನೆ. ಬೆಳಿಗ್ಗೆ ಕಾಫಿ ಹೊತ್ತಿಗೆ ಆ ದಿನದ ಪುಟ ತೆರೆಯುವುದು, ಅವರದೊಂದು ಹಾಡು ಹಾಕುವುದು ನಮ್ಮ ಮನೆಯ ಪದ್ಧತಿ. ನನ್ನ ಹೆಂಡತಿಗೂ ಈಗ ಅದು ರೂಢಿಯಾಗಿದೆ. ಊರಿಗೆ ಹೋದರೂ ಫೋನ್ ಮಾಡಿ ಇವತ್ತು ಯಾರದು ಅಂತ ಕೇಳುತ್ತಾಳೆ.

ಪುಸ್ತಕದ ಹೊಲಿಗೆ ಬಿಚ್ಚಿಹೋಗಿದೆ. ಹೊಸದಕ್ಕೆ ಪ್ರತಿ ಮಾಡುತ್ತಾ ಕೂತಿದ್ದೆ. ಸೆಪ್ಟೆಂಬರ್ 8ಕ್ಕೆ ಬಂದಾಗ ಕೈ ನಿಂತಿತು.

1897ರ ಆ ದಿನ ಜಿಮ್ಮಿ ರಾಡ್ಜರ್ಸ್ ಹುಟ್ಟಿದ್ದು. ಮಿಸಿಸಿಪ್ಪಿಯ ಮೆರಿಡಿಯನ್ ಊರಿನವರು, ರೈಲಿನಲ್ಲಿ ಬ್ರೇಕ್‌ಮನ್ ಆಗಿ ದುಡಿದವರು, ಕಂಟ್ರಿ ಸಂಗೀತದ ಪಿತಾಮಹ ಎಂದು ಕರೆಸಿಕೊಂಡವರು. 1932ರ ಅದೇ ದಿನ ವರ್ಜೀನಿಯಾದ ವಿಂಚೆಸ್ಟರ್‌ನಲ್ಲಿ ಪ್ಯಾಟ್ಸಿ ಕ್ಲೈನ್ ಹುಟ್ಟಿದರು. 2017ರ ಅದೇ ದಿನ ಡಾನ್ ವಿಲಿಯಮ್ಸ್ ಹೋದರು, 78 ವರ್ಷ. ಅವತ್ತೇ ಟ್ರಾಯ್ ಜೆಂಟ್ರಿಯೂ ಹೋದರು. ನ್ಯೂಜೆರ್ಸಿಯ ಮೆಡ್‌ಫರ್ಡ್‌ನಲ್ಲಿ ಹೆಲಿಕಾಪ್ಟರ್ ಬಿತ್ತು. ಸಂಜೆ ಅಲ್ಲೇ ಅವರ ಸಂಗೀತ ಕಛೇರಿ ಇತ್ತು. ಅವರಿಗೆ 50 ವರ್ಷ ಅಷ್ಟೇ.

ಪುಟದ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಹೆಸರು, ಉಳಿದವರದು ಕೆಳಗೆ ಸಣ್ಣದಾಗಿ. ಇಷ್ಟು ದಿನ ನಡೆದು ಬಂದದ್ದು ಹೀಗೆ. ಹಳೆಯ ಪುಸ್ತಕದಲ್ಲಿ ರಾಡ್ಜರ್ಸ್ ಮೇಲಿದ್ದರು. 2017ರಲ್ಲಿ ಇನ್ನೆರಡು ಹೆಸರನ್ನು ಅಂಚಿನಲ್ಲಿ ಪೆನ್ಸಿಲ್‌ನಿಂದ ತುರುಕಿದ್ದೆ. ಈಗ ನೋಡಿದರೆ ಯಾಕೋ ಮನಸ್ಸಿಗೆ ಒಗ್ಗುತ್ತಿಲ್ಲ. ನೀವೆಲ್ಲ ಏನಂತೀರಿ?

ರಾತ್ರಿ_ಪಾಳಿ

ರಾಡ್ಜರ್ಸ್ ಬರೀರಿ. ಇದರಲ್ಲಿ ಯೋಚನೆ ಮಾಡೋದು ಏನೂ ಇಲ್ಲ. 1961ರಲ್ಲಿ ಕಂಟ್ರಿ ಹಾಲ್ ಆಫ್ ಫೇಮ್ ಶುರುವಾದಾಗ ಮೊದಲು ಸೇರಿಸಿದ್ದು ಮೂರೇ ಜನರನ್ನ: ರಾಡ್ಜರ್ಸ್, ಹ್ಯಾಂಕ್ ವಿಲಿಯಮ್ಸ್, ಫ್ರೆಡ್ ರೋಸ್. ಆ ಮನುಷ್ಯ ಕ್ಷಯ ಹಿಡಿದ ಎದೆಯಲ್ಲಿ ಕೊನೆಯವರೆಗೂ ಹಾಡಿದ. 1933ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಅವನಿಗೋಸ್ಕರ ಒಂದು ಮಂಚ ಹಾಕಿದ್ದರು. ಒಂದು ಹಾಡು ಮುಗಿಸೋದು, ಮಂಚದ ಮೇಲೆ ಒರಗೋದು, ಉಸಿರು ಸಿಕ್ಕಿದ ಮೇಲೆ ಎದ್ದು ಇನ್ನೊಂದು. ಕೊನೆಯ ಧ್ವನಿಮುದ್ರಣ 24ಕ್ಕೆ. 26ಕ್ಕೆ ಟ್ಯಾಫ್ಟ್ ಹೋಟೆಲಿನಲ್ಲಿ ಪ್ರಾಣ ಹೋಯಿತು. ವಯಸ್ಸು 35. ಹೆಂಡತಿ ಮಗಳಿಗೆ ಏನಾದರೂ ಉಳಿಯಲಿ ಅಂತ ಅಷ್ಟು ಕಷ್ಟಪಟ್ಟು ಹಾಡಿದ್ದು. ಅವನಿಗಿಂತ ಮೇಲೆ ಯಾರ ಹೆಸರು ಬರೀತೀರಿ?

ಕಂಬರ್ಲೆಂಡ್_ದಂಡೆ

ನಾನು ನ್ಯಾಶ್‌ವಿಲ್‌ಗೆ ಬಂದು ಒಂಬತ್ತು ವರ್ಷ ಆಯಿತು. ದಪ್ಪ ಅಕ್ಷರದ ಪದ್ಧತಿಯನ್ನೇ ಕೈಬಿಡಿ ಅಂತ ನನ್ನ ಕೋರಿಕೆ. ಯಾಕೆ ಅಂತ ಹೇಳಬೇಕಾದರೆ ಮಾರ್ಚ್ 5ರ ಕತೆ ಹೇಳಬೇಕು.

ಮಾರ್ಚ್ 5 ಬಂತೆಂದರೆ ಎಲ್ಲರೂ ಬರೆಯುವುದು ಒಂದೇ ಸಾಲು, ಪ್ಯಾಟ್ಸಿ ಕ್ಲೈನ್ ವಿಮಾನ ಅಪಘಾತದಲ್ಲಿ ತೀರಿಕೊಂಡ ದಿನ. ಆ ಪುಟ್ಟ ವಿಮಾನದಲ್ಲಿ ಇದ್ದದ್ದು ನಾಲ್ಕು ಜನ. ಪ್ಯಾಟ್ಸಿ, ಗಾಯಕರಾದ ಹಾಕ್‌ಶಾ ಹಾಕಿನ್ಸ್ ಮತ್ತು ಕೌಬಾಯ್ ಕೋಪಸ್, ವಿಮಾನ ನಡೆಸುತ್ತಿದ್ದ ರಾಂಡಿ ಹ್ಯೂಸ್. ಹ್ಯೂಸ್ ಪ್ಯಾಟ್ಸಿಯ ಮ್ಯಾನೇಜರ್, ಜೊತೆಗೆ ಕೋಪಸ್‌ರ ಅಳಿಯ. ಕೋಪಸ್‌ರ ಮನೆಯಲ್ಲಿ ಹೆಂಡತಿಗೆ ಗಂಡ, ಮಗಳಿಗೆ ಅಪ್ಪ ಮತ್ತು ಗಂಡ ಇಬ್ಬರೂ, ಒಂದೇ ಸಂಜೆ ಇಲ್ಲವಾದರು.

ಅವರು ಹೋಗಿದ್ದು ದುಡ್ಡಿಗಲ್ಲ. ಕಾನ್ಸಾಸ್ ಸಿಟಿಯಲ್ಲಿ ರೇಡಿಯೋ ನಿರೂಪಕನೊಬ್ಬ ಕಾರ್ ಅಪಘಾತದಲ್ಲಿ ಸತ್ತಿದ್ದ. ಅವನ ಸಂಸಾರಕ್ಕೆ ನೆರವಾಗಲಿ ಎಂದು 1963ರ ಮಾರ್ಚ್ 3ರಂದು ಸಹಾಯಾರ್ಥ ಕಾರ್ಯಕ್ರಮ ಇತ್ತು. ಮರುದಿನ ಹವಾಮಾನ ಕೆಟ್ಟು ಹೊರಡಲಾಗಲಿಲ್ಲ. ಕಾರಿನಲ್ಲಿ ನಮ್ಮ ಜೊತೆ ಬಂದುಬಿಡು ಎಂದು ಗಾಯಕಿ ಡಾಟಿ ವೆಸ್ಟ್ ಕರೆದಿದ್ದರು, ಪ್ಯಾಟ್ಸಿ ಹೋಗಲಿಲ್ಲ. 5ರ ಸಂಜೆ ಟೆನ್ನೆಸ್ಸೀಯ ಡೈಯರ್ಸ್‌ಬರ್ಗ್‌ನಲ್ಲಿ ಇಳಿದಾಗ, ಮುಂದೆ ಹವೆ ಸರಿಯಿಲ್ಲ, ರಾತ್ರಿ ಇಲ್ಲೇ ಉಳಿಯಿರಿ ಅಂತ ವಿಮಾನ ನಿಲ್ದಾಣದವರು ಹೇಳಿದರು. ಇಷ್ಟು ದೂರ ಬಂದಾಗಿದೆ ಅಂತ ಹ್ಯೂಸ್ ಹೊರಟರು. ಕ್ಯಾಮ್ಡೆನ್ ಹತ್ತಿರದ ಕಾಡಿನಲ್ಲಿ ವಿಮಾನ ಬಿತ್ತು. ಪ್ಯಾಟ್ಸಿಯ ಕೈಗಡಿಯಾರ 6:20ಕ್ಕೆ ನಿಂತಿತ್ತು. ಬೆಳಕು ಹರಿಯುವ ಹೊತ್ತಿಗೆ ಹುಡುಕುತ್ತಾ ಹೋದವರಲ್ಲಿ ಗಾಯಕ ರೋಜರ್ ಮಿಲ್ಲರ್ ಒಬ್ಬರು. ಕಾಡಿನೊಳಗೆ ಓಡುತ್ತಾ ಒಬ್ಬೊಬ್ಬರ ಹೆಸರೂ ಕೂಗಿದರಂತೆ.

ಹೋದ ವರ್ಷ ನಾನು ಅಲ್ಲಿಗೆ ಹೋಗಿದ್ದೆ. ರಸ್ತೆ ಬದಿ ಕಾರು ನಿಲ್ಲಿಸಿ ಮರಗಳ ನಡುವೆ ಕಾಲುದಾರಿಯಲ್ಲಿ ಇಳಿಯಬೇಕು. ಕೆಳಗೆ ಒಂದು ದೊಡ್ಡ ಬಂಡೆ, ಅದರ ಮೇಲೆ ನಾಲ್ಕೂ ಹೆಸರು ಕೆತ್ತಿದ್ದಾರೆ. ಬಂಡೆಯ ಮೇಲೆ ಚಿಲ್ಲರೆ ಕಾಸು, ಗಿಟಾರ್ ಮೀಟುವ ಪಿಕ್‌ಗಳು, ಬಣ್ಣ ಹೋದ ಪ್ಲಾಸ್ಟಿಕ್ ಗುಲಾಬಿ. ಹಿಂದಿನ ರಾತ್ರಿ ಮಳೆ ಬಂದಿತ್ತು, ಅಕ್ಷರಗಳ ಗೀರಿನಲ್ಲಿ ನೀರು ನಿಂತಿತ್ತು. ನಾನೊಬ್ಬನೇ ಇದ್ದೆ. ರೋಜರ್ ಮಿಲ್ಲರ್ ಕೂಗಿದ್ದು ನೆನಪಾಗಿ ನಾನೂ ನಾಲ್ಕು ಹೆಸರನ್ನು ಮೆಲ್ಲಗೆ, ಒಂದಾದ ಮೇಲೊಂದು ಹೇಳಿದೆ. ಪ್ಯಾಟ್ಸಿಯದು ನಾಲಗೆಗೆ ತಾನಾಗಿ ಬಂತು. ಉಳಿದ ಮೂರನ್ನು ಕಲ್ಲು ನೋಡಿ ಓದಿದೆ. ಆವತ್ತಿನಿಂದ ಆ ಮೂವರ ಬಗ್ಗೆ ಹುಡುಕಿ ಓದುತ್ತಿದ್ದೇನೆ.

ಹಾಕಿನ್ಸ್ ಅವರದೇ ನೋಡಿ. ಅವರ ಹಾಡೊಂದು ಆ ವಾರ ತಾನೆ ಚಾರ್ಟಿಗೆ ಬಂದಿತ್ತು, ಮೂರೇ ದಿನ ಆಗಿತ್ತು. ಸತ್ತ ಮೇಲೆ ಅದು ಮೊದಲನೇ ಸ್ಥಾನಕ್ಕೆ ಹೋಯಿತು. ಹೆಂಡತಿ ಜೀನ್ ಶೆಪರ್ಡ್, ಅವರೂ ದೊಡ್ಡ ಗಾಯಕಿ, ಆಗ ತುಂಬು ಗರ್ಭಿಣಿ. ಮರು ತಿಂಗಳು ಗಂಡು ಮಗು ಹುಟ್ಟಿತು. ಅದಕ್ಕೆ ಅಪ್ಪನ ಹೆಸರನ್ನೇ ಇಟ್ಟರು.

ಇನ್ನೊಂದು ಸಂಗತಿ ತಿಳಿದಾಗ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 1953ರ ಜನವರಿ 1ರಂದು ಓಹಾಯೋದ ಕ್ಯಾಂಟನ್‌ನಲ್ಲಿ ಹ್ಯಾಂಕ್ ವಿಲಿಯಮ್ಸ್ ಹಾಡಬೇಕಿತ್ತು. ಅವರು ದಾರಿಯಲ್ಲೇ ತೀರಿಕೊಂಡರು ಎಂದು ವೇದಿಕೆಯಿಂದ ಹೇಳಿದಾಗ ಜನ ನಕ್ಕರು. ಹ್ಯಾಂಕ್ ಬಾರದೆ ಕೈಕೊಡುವುದು ಅವರಿಗೆ ಮಾಮೂಲಿಯಾಗಿತ್ತು, ಇದೂ ಒಂದು ನೆಪ ಅಂದುಕೊಂಡರು. ಆಗ ವೇದಿಕೆಯಲ್ಲಿದ್ದ ಕಲಾವಿದರು ಹ್ಯಾಂಕ್ ಬರೆದ ಭಕ್ತಿಗೀತೆಯೊಂದನ್ನು ಎತ್ತಿಕೊಂಡರು. ಹಾಡು ಕೇಳಿದ ಮೇಲೆ ಜನಕ್ಕೆ ನಿಜ ತಿಳಿಯಿತು, ಅವರೂ ದನಿ ಸೇರಿಸಿದರು. ಹಾಗೆ ಹಾಡಿದವರಲ್ಲಿ ಒಬ್ಬರು ಹಾಕ್‌ಶಾ ಹಾಕಿನ್ಸ್.

ಹ್ಯಾಂಕ್‌ಗೆ ಅಂತಿಮ ಹಾಡು ಹೇಳಿದವರು ಅವರು. ಹತ್ತು ವರ್ಷ ಕಳೆದು ಅವರೇ ಹೋದಾಗ ಆ ದಿನಕ್ಕೆ ಇನ್ನೊಬ್ಬರ ಹೆಸರು ಬಿತ್ತು. ಪ್ಯಾಟ್ಸಿ ಮೇಲೆ ನನಗೆ ಪ್ರೀತಿ ಇಲ್ಲ ಎಂದಲ್ಲ. ಅವರ ದನಿ ಕೇಳಿಯೇ ನಾನು ಈ ಸಂಗೀತಕ್ಕೆ ಬಂದದ್ದು. ಆದರೆ ನಿಮ್ಮ ಮಾರ್ಚ್ 5ರ ಪುಟದಲ್ಲಿ ಹಾಕಿನ್ಸ್ ಎಷ್ಟು ದಪ್ಪ ಅಕ್ಷರದಲ್ಲಿದ್ದಾರೆ?

ಗ್ರಾಮಫೋನ್_ಮನೆ

ಈಗ ತೆಗೆದು ನೋಡಿದೆ. ‘ಪ್ಯಾಟ್ಸಿ ಕ್ಲೈನ್ ಮತ್ತು ಇತರ ಮೂವರು’ ಅಂತ ಬರೆದಿದ್ದೇನೆ. ಮನಸ್ಸಿಗೆ ಬಹಳ ಕಷ್ಟ ಆಯಿತು.

ಹೊಸ_ಕೇಳುಗ

ಮಾರ್ಚ್ 7ಕ್ಕೆ ಜ್ಯಾಕ್ ಆಂಗ್ಲಿನ್ ಅಂತ ಒಬ್ಬರ ಹೆಸರು ಎಲ್ಲೋ ಓದಿದ್ದೆ. ಅವರೂ ಆ ವಿಮಾನದ ಗಾಯಾಳುವೇ?

ಕಂಬರ್ಲೆಂಡ್_ದಂಡೆ

ಇಲ್ಲ, ವಿಮಾನದಲ್ಲಿ ಯಾರೂ ಬದುಕಲಿಲ್ಲ. ಆಂಗ್ಲಿನ್ ‘ಜಾನಿ ಅಂಡ್ ಜ್ಯಾಕ್’ ಜೋಡಿಯ ಜ್ಯಾಕ್. ಪ್ಯಾಟ್ಸಿಯ ಸ್ಮರಣೆಗೆ ನಡೆದ ಪ್ರಾರ್ಥನೆಗೆ ಹೊರಟಿದ್ದಾಗ ಅವರ ಕಾರು ಅಪಘಾತಕ್ಕೀಡಾಯಿತು. ಸಾವಿಗೆ ಹೊರಟವರಿಗೆ ಸಾವು. ಅದೇ ತಿಂಗಳ 29ಕ್ಕೆ ಗಾಯಕಿ ಟೆಕ್ಸಸ್ ರೂಬಿ ಬೆಂಕಿ ಅನಾಹುತದಲ್ಲಿ ಹೋದರು. ನ್ಯಾಶ್‌ವಿಲ್‌ನ ರೇಡಿಯೋ ಸಂಗೀತ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿಯವರಿಗೆ 1963ರ ಮಾರ್ಚ್ ಮರೆಯುವಂಥದ್ದಲ್ಲ.

ಕಾರಿನಲ್ಲಿ ಬಾ ಎಂದು ಕರೆದ ಡಾಟಿ ವೆಸ್ಟ್ ಹೋದದ್ದು 1991ರ ಸೆಪ್ಟೆಂಬರ್ 4ಕ್ಕೆ. ಆಪ್ರಿಯಲ್ಲಿ ಹಾಡಲು ಹೋಗುವಾಗ ಆದ ಕಾರ್ ಅಪಘಾತದ ಪೆಟ್ಟಿನಿಂದ.

ಹೊಸ_ಕೇಳುಗ

ಹ್ಯಾಂಕ್ ವಿಲಿಯಮ್ಸ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀರಾ? ನಾನು ಈಗ ತಾನೆ ಕೇಳಲು ಶುರು ಮಾಡಿದ್ದೇನೆ. ಒಂದು ಕಡೆ ಡಿಸೆಂಬರ್ 31 ಅಂತಲೂ ಚರ್ಚೆ ನೋಡಿದೆ.

ಗ್ರಾಮಫೋನ್_ಮನೆ

ಹ್ಯಾಂಕ್ ಹುಟ್ಟಿದ್ದು 1923ರ ಸೆಪ್ಟೆಂಬರ್ 17, ಅಲಬಾಮಾದ ಮೌಂಟ್ ಆಲಿವ್. ಹುಟ್ಟಿನಿಂದಲೇ ಬೆನ್ನುಮೂಳೆಯ ತೊಂದರೆ. ಆ ನೋವು, ಅದಕ್ಕೆ ಕುಡಿತ, ಮೇಲೆ ಮದ್ದು. 1949ರ ಜೂನ್ 11ಕ್ಕೆ ಆಪ್ರಿಯಲ್ಲಿ ಮೊದಲ ಸಲ ಹಾಡಿದಾಗ ಜನ ಮತ್ತೆ ಮತ್ತೆ ಹಾಡಿಸಿ ಕೊನೆಗೂ ಬಿಡಲೊಲ್ಲದೆ ಬಿಟ್ಟರು. 1952ರ ಆಗಸ್ಟ್‌ನಲ್ಲಿ ಅದೇ ಆಪ್ರಿ ಅವರನ್ನು ಕೆಲಸದಿಂದ ತೆಗೆಯಿತು.

ಆ ವರ್ಷದ ಕೊನೆಯ ದಿನ ಹಿಮ ಬಿದ್ದು ಚಾರ್ಲ್ಸ್‌ಟನ್ ಕಾರ್ಯಕ್ರಮ ನಿಂತುಹೋಯಿತು. ನಾಕ್ಸ್‌ವಿಲ್‌ನ ಹೋಟೆಲಿನಲ್ಲಿ ವೈದ್ಯರೊಬ್ಬರು ಬಿ12 ಜೊತೆ ಮಾರ್ಫಿನ್ ಚುಚ್ಚಿದರು. ರಾತ್ರಿ ಅಲ್ಲಿಂದ ಕ್ಯಾಡಿಲಾಕ್ ಕಾರು ಕ್ಯಾಂಟನ್ ಕಡೆ ಹೊರಟಿತು. ಓಡಿಸುತ್ತಿದ್ದದ್ದು ಚಾರ್ಲ್ಸ್ ಕಾರ್ ಎಂಬ 17 ವರ್ಷದ ಕಾಲೇಜು ಹುಡುಗ. ಹ್ಯಾಂಕ್ ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಮಲಗಿದ್ದರು. ಬೆಳಗಿನ ಜಾವ ವೆಸ್ಟ್ ವರ್ಜೀನಿಯಾದ ಓಕ್ ಹಿಲ್ ಹತ್ತಿರ ಹುಡುಗ ಜಾರಿದ ಕಂಬಳಿ ಸರಿಪಡಿಸಲು ಹೋದ. ಕೈ ಮುಟ್ಟಿದರೆ ತಣ್ಣಗಿತ್ತು, ಸೆಟೆದುಕೊಂಡಿತ್ತು. ಆಸ್ಪತ್ರೆಯವರು ನೋಡಿ ಜನವರಿ 1 ಎಂದು ಬರೆದರು. ಆದರೆ ಹಿಂದಿನ ರಾತ್ರಿ, ಹನ್ನೆರಡು ಹೊಡೆಯುವ ಮುಂಚೆಯೇ, ದಾರಿಯಲ್ಲಿ ಕಾರು ತಡೆದ ಪೊಲೀಸಿನವರಿಗೆ ಹಿಂದೆ ಮಲಗಿದ್ದವರು ಸತ್ತವರ ಹಾಗೆ ಕಂಡಿದ್ದರು. ಅದರ ಮೇಲೆ ಡಿಸೆಂಬರ್ 31 ಎನ್ನುವವರೂ ಇದ್ದಾರೆ. ವಯಸ್ಸು 29.

4ಕ್ಕೆ ಮಾಂಟ್‌ಗಮರಿಯಲ್ಲಿ ಶವಸಂಸ್ಕಾರ, ಸಾವಿರ ಸಾವಿರ ಜನ. ಇದನ್ನು ಬರೆಯುವಾಗೆಲ್ಲ ನನಗೆ ಜನವರಿ 6ರ ನೆನಪಾಗುತ್ತದೆ. ಅಂದು ಅವರ ಮಗಳು ಹುಟ್ಟಿದಳು, ಬಾಬಿ ಜೆಟ್ ಎಂಬಾಕೆಯಲ್ಲಿ. ಅಪ್ಪನನ್ನು ಮಣ್ಣು ಮಾಡಿ ಎರಡು ದಿನ ಆಗಿತ್ತು. ಆ ಹುಡುಗಿ ದತ್ತು ಮನೆಯಲ್ಲಿ ಬೆಳೆದಳು. ತಾನು ಯಾರ ಮಗಳು ಎಂದು ಸಾಬೀತು ಮಾಡಲು ಕೋರ್ಟಿಗೆ ಹೋಗಿ, 1980ರ ದಶಕದಲ್ಲಿ ಗೆದ್ದು, ಜೆಟ್ ವಿಲಿಯಮ್ಸ್ ಅಂತ ಅಪ್ಪನ ಹಾಡುಗಳನ್ನೇ ಹಾಡಿದಳು. ನನ್ನ ಪುಸ್ತಕದಲ್ಲಿ ಜನವರಿಯ ಮೊದಲ ವಾರ ಪೂರ್ತಿ ಆ ಅಪ್ಪ ಮಗಳದ್ದೇ.

ಚಾಂಪಿಯನ್_ರೀಫ್

ಬಹಳ ದಿನದಿಂದ ಇಲ್ಲಿ ಓದಿಕೊಂಡಿದ್ದೆ, ಇವತ್ತು ಬರೆಯಲೇಬೇಕು ಅನಿಸಿತು.

ನಮ್ಮದು ಕೆಜಿಎಫ್. ಅಪ್ಪ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ನಮ್ಮ ಲೈನಿನ ಹಿಂದೆ ಆಂಗ್ಲೋ ಇಂಡಿಯನ್ ಕುಟುಂಬ ಒಂದಿತ್ತು. ಅವರ ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಇತ್ತು, ಕಿಟಕಿ ತೆರೆದಿಟ್ಟು ಹಾಕುತ್ತಿದ್ದರು. ಅಪ್ಪನಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಆದರೂ ಜಿಮ್ ರೀವ್ಸ್ ಹಾಡು ಬಂದರೆ ಬಾಗಿಲ ಬಳಿ ಸ್ಟೂಲ್ ಹಾಕಿ ಕೂತುಬಿಡುತ್ತಿದ್ದರಂತೆ. ಗಣಿಯೊಳಗಿನ ಸದ್ದು ಇಡೀ ದಿನ ಕಿವಿಯಲ್ಲಿ ಗುಂಯ್‌ಗುಡುತ್ತಿರುತ್ತಿತ್ತು, ಈ ಮನುಷ್ಯನ ದನಿ ಬಂದರೆ ಅದು ನಿಲ್ಲುತ್ತಿತ್ತು ಎಂದು ಅಮ್ಮನ ಹತ್ತಿರ ಹೇಳುತ್ತಿದ್ದರು. ಮುಂದೆ ರೇಡಿಯೋ ಸಿಲೋನ್ ಹಾಕಿಕೊಂಡು ಕೇಳಿದರು. ಕ್ರಿಸ್‌ಮಸ್ ಬಂದರೆ ನಮ್ಮೂರಲ್ಲಿ ಎಲ್ಲಿ ಹೋದರೂ ರೀವ್ಸ್ ದನಿಯೇ. ನಾವು ಕ್ರೈಸ್ತರಲ್ಲ, ಆದರೂ ಆ ಹಾಡುಗಳು ನಮ್ಮವೇ ಆಗಿದ್ದವು.

ರೀವ್ಸ್ ಹೋದದ್ದು 1964ರ ಜುಲೈ 31. ಅರ್ಕಾನ್ಸಾಸ್‌ನಿಂದ ತಾವೇ ವಿಮಾನ ನಡೆಸಿಕೊಂಡು ಬರುತ್ತಿದ್ದಾಗ ನ್ಯಾಶ್‌ವಿಲ್ ಹತ್ತಿರ ಮಳೆ ಬಿರುಗಾಳಿಗೆ ಸಿಕ್ಕಿ ವಿಮಾನ ಬಿತ್ತು. ಆದರೆ ದೇಹ ಸಿಕ್ಕಿದ್ದು ಆಗಸ್ಟ್ 2ಕ್ಕೆ. ಎರಡು ದಿನ ನೂರಾರು ಜನ ಕಾಡು ಹುಡುಕಿದರು. ಎಡ್ಡಿ ಅರ್ನಾಲ್ಡ್, ಮಾರ್ಟಿ ರಾಬಿನ್ಸ್‌ರಂಥವರೂ ಹುಡುಕುವವರಲ್ಲಿದ್ದರು. 41 ತುಂಬಲು ಮೂರು ವಾರ ಬಾಕಿ ಇತ್ತು.

ಅಪ್ಪನ ಹಳೆಯ ಡೈರಿಯಲ್ಲಿ ಇದು ಬರೆದಿರುವುದು ಆಗಸ್ಟ್ 4, ಮಂಗಳವಾರದ ಕೆಳಗೆ. ‘ಜಿಮ್ ರೀವ್ಸ್ ಹೋದರು’ ಅಂತ ಒಂದೇ ಸಾಲು. ಆವತ್ತು ಹಿಂದಿನ ಮನೆಯವರು ಪೇಪರ್ ತಂದು ತೋರಿಸಿದ್ದು. ಅಪ್ಪ ಬದುಕಿರುವವರೆಗೂ ಆಗಸ್ಟ್ 4ಕ್ಕೇ ಅವರ ಹಾಡು ಹಾಕುತ್ತಿದ್ದರು. ಜುಲೈ 31 ಸರಿಯಾದ ತಾರೀಕು ಅಂತ ನಾನು ಎಷ್ಟೋ ಸಲ ಹೇಳಿದ್ದೆ. ಸುದ್ದಿ ಕೇಳಿದ ದಿನದಿಂದ ಅಲ್ಲವೇನಮ್ಮ ಸೂತಕ ಅನ್ನುತ್ತಿದ್ದರು. ನಾನು ಈಗಲೂ 4ಕ್ಕೇ ಹಾಕುತ್ತೇನೆ. ನಿಮ್ಮ ಪುಸ್ತಕದಲ್ಲಿ ಇದಕ್ಕೆ ಜಾಗ ಉಂಟಾ ಸಾರ್?

ಗ್ರಾಮಫೋನ್_ಮನೆ

ಅಮ್ಮಾ, ಜಾಗ ಇಲ್ಲದೆ ಏನು. ಆಗಸ್ಟ್ 4ರ ಪುಟಕ್ಕೆ ಈಗಲೇ ಬರೆಯುತ್ತೇನೆ. ಆ ಪುಟದಲ್ಲಿ ಜಿಮ್ಮಿ ರಾಡ್ಜರ್ಸ್ 1927ರಲ್ಲಿ ಮೊದಲ ಬಾರಿಗೆ ಮೈಕಿನ ಮುಂದೆ ನಿಂತ ವಿಷಯ ಇದೆ. ಅದರ ಪಕ್ಕದಲ್ಲೇ ನಿಮ್ಮ ತಂದೆಯವರ ಸಾಲು ಇರಲಿ.

ಪಿಟೀಲು_ಪ್ರಿಯ

ಮನುಷ್ಯರು ತೀರಿಕೊಂಡ ದಿನವೇ ಇಷ್ಟು ಗೊಂದಲ ಅಂದಮೇಲೆ ಈ ಸಂಗೀತದ ಹುಟ್ಟುಹಬ್ಬ ಯಾವತ್ತು ಅಂತ ಕೇಳಿ ನೋಡಿ.

ಬ್ರಿಸ್ಟಲ್ ಎನ್ನುವವರದು ದೊಡ್ಡ ಗುಂಪು. ಊರಿನ ಮುಖ್ಯ ಬೀದಿಯ ಈ ಕಡೆ ಟೆನ್ನೆಸ್ಸೀ, ಆ ಕಡೆ ವರ್ಜೀನಿಯಾ. 1927ರ ಜುಲೈ 25ರಿಂದ ಆಗಸ್ಟ್ 5ರವರೆಗೆ ವಿಕ್ಟರ್ ರೆಕಾರ್ಡ್ ಕಂಪನಿಯ ರಾಲ್ಫ್ ಪೀರ್ ಅಲ್ಲಿ ಯಂತ್ರ ಹೂಡಿಕೊಂಡು ಕೂತಿದ್ದರು. ಆಗಸ್ಟ್ 1ಕ್ಕೆ ಕಾರ್ಟರ್ ಕುಟುಂಬ ಬಂತು. ಎ. ಪಿ. ಕಾರ್ಟರ್, ಹೆಂಡತಿ ಸಾರಾ, ತಮ್ಮನ ಹೆಂಡತಿ ಮೇಬೆಲ್. ಮೇಬೆಲ್‌ಗೆ 18 ವರ್ಷ, ಹೊಟ್ಟೆಯಲ್ಲಿ ಮಗು. ಎರಡು ದಿನದಲ್ಲಿ ಆರು ಹಾಡು. 4ಕ್ಕೆ ರಾಡ್ಜರ್ಸ್, ಎರಡು ಹಾಡು. ಒಂದೇ ವಾರದಲ್ಲಿ ಈ ಸಂಗೀತದ ಎರಡು ಬೇರು ಸಿಕ್ಕವು. 2027ಕ್ಕೆ ನೂರು ವರ್ಷ.

ಆದರೆ ನಾನು ಪಿಟೀಲಿನವನು, ನನ್ನ ಲೆಕ್ಕ ಇನ್ನೂ ಹಿಂದಕ್ಕೆ ಹೋಗುತ್ತದೆ. 1923ರ ಜೂನ್ 14ಕ್ಕೆ ಅಟ್ಲಾಂಟಾದಲ್ಲಿ ಫಿಡ್ಲಿನ್ ಜಾನ್ ಕಾರ್ಸನ್ ನುಡಿಸಿ ಹಾಡಿದ್ದು ಮಾರಾಟವಾದ ಮೇಲೆಯೇ ಕಂಪನಿಗಳ ಕಣ್ಣು ತೆರೆದದ್ದು. ಅದಕ್ಕೂ ಒಂದು ವರ್ಷ ಮೊದಲು, 1922ರ ಜೂನ್ 30 ಮತ್ತು ಜುಲೈ 1ರಂದು, ಎಕ್ ರಾಬರ್ಟ್‌ಸನ್ ಎಂಬ ಟೆಕ್ಸಸ್ ಪಿಟೀಲುಗಾರರು ಹೆನ್ರಿ ಗಿಲ್ಲಿಲ್ಯಾಂಡ್ ಎಂಬ ಹಿರಿಯರ ಜೊತೆ ನೇರ ನ್ಯೂಯಾರ್ಕಿಗೆ ಹೋಗಿ ವಿಕ್ಟರ್‌ನವರ ಬಾಗಿಲು ತಟ್ಟಿ, ನಮ್ಮದೂ ರೆಕಾರ್ಡ್ ಮಾಡಿಕೊಳ್ಳಿ ಎಂದರು. ಅವರನ್ನು ಯಾರೂ ಕರೆದಿರಲಿಲ್ಲ! ಆ ದಿಟ್ಟತನವನ್ನು ನೆನೆದರೇ ನನಗೆ ಖುಷಿ.

ಇನ್ನು 1925ರ ನವೆಂಬರ್ 28. ನ್ಯಾಶ್‌ವಿಲ್‌ನ ಡಬ್ಲ್ಯೂಎಸ್‌ಎಂ ರೇಡಿಯೋದಲ್ಲಿ ಜಾರ್ಜ್ ಹೇ ಎಂಬ ನಿರೂಪಕರು 77 ವರ್ಷದ ಅಂಕಲ್ ಜಿಮ್ಮಿ ಥಾಂಪ್ಸನ್‌ರನ್ನು ಕೂರಿಸಿ ಪಿಟೀಲು ನುಡಿಸಿದರು. ಒಂದು ಗಂಟೆ ಆದಮೇಲೆ ಸುಸ್ತಾಯಿತೇ ಎಂದು ಕೇಳಿದರೆ, ಮೈ ಕಾವೇರುವುದಕ್ಕೇ ಅಷ್ಟು ಹೊತ್ತು ಸಾಲದಲ್ಲ ಎಂದರಂತೆ ಅಜ್ಜ. ಅಲ್ಲಿಂದ ಬೆಳೆದದ್ದೇ ಗ್ರ್ಯಾಂಡ್ ಓಲ್ ಆಪ್ರಿ. 2025ಕ್ಕೆ ನೂರು ತುಂಬಿತು. ಆ ರಾತ್ರಿ ನಾನು ಪಿಟೀಲು ತೆಗೆದು, ಗೊತ್ತಿರುವ ಎರಡು ಹಳೆಯ ಫಿಡಲ್ ಮಟ್ಟುಗಳನ್ನು ನುಡಿಸಿದೆ. ನಮ್ಮಲ್ಲಿ ಪಿಟೀಲನ್ನು ಎದೆಗೂ ಕಾಲಿಗೂ ಆನಿಸಿ ಕೂತು ನುಡಿಸುತ್ತೇವೆ. ಆ ಮಟ್ಟುಗಳಿಗೆ ಕಮಾನು ಬೇರೆ ಥರ ತೂಗಬೇಕು, ಎರಡು ತಂತಿ ಒಟ್ಟಿಗೆ ತಾಗಬೇಕು. ಕಲಿಯಲು ನನಗೆ ಮೂರು ವರ್ಷ ಹಿಡಿಯಿತು.

ರಾತ್ರಿ_ಪಾಳಿ

ಮೊದಲು ಬರೆದದ್ದು ವಾಪಸ್ ತಗೊಂಡೆ. ಒಂದೇ ಹೆಸರು ಸಾಲದು. ಏಪ್ರಿಲ್ 6 ನೋಡಿ.

ಮರ್ಲ್ ಹ್ಯಾಗರ್ಡ್ 1937ರ ಏಪ್ರಿಲ್ 6ಕ್ಕೆ ಕ್ಯಾಲಿಫೋರ್ನಿಯಾದ ಆಯಿಲ್‌ಡೇಲ್‌ನಲ್ಲಿ ಹುಟ್ಟಿದ. ಅವನಪ್ಪ ಹಳೆಯ ರೈಲು ಡಬ್ಬಿಯನ್ನೇ ಮನೆ ಮಾಡಿದ್ದ. ಮರ್ಲ್ ಒಂಬತ್ತನೇ ವಯಸ್ಸಿಗೆ ಅಪ್ಪನನ್ನ ಕಳಕೊಂಡ, ದಾರಿ ತಪ್ಪಿದ, ಸ್ಯಾನ್ ಕ್ವೆಂಟಿನ್ ಜೈಲು ಸೇರಿದ. ಕೈದಿಗಳ ಮುಂದೆ ಜಾನಿ ಕ್ಯಾಶ್ ಬಂದು ಹಾಡಿದಾಗ ಇವನೂ ಆ ಕೈದಿಗಳಲ್ಲಿ ಒಬ್ಬ. 1960ರಲ್ಲಿ ಹೊರಗೆ ಬಂದು ಹಾಡುಗಾರನಾದ. 1972ರಲ್ಲಿ ಗವರ್ನರ್ ಆಗಿದ್ದ ರೇಗನ್ ಅವನಿಗೆ ಪೂರ್ತಿ ಕ್ಷಮಾದಾನ ಕೊಟ್ಟರು. 2016ರಲ್ಲಿ ಹಾಸಿಗೆ ಹಿಡಿದಾಗ, ಹುಟ್ಟಿದ ದಿನವೇ ಹೋಗ್ತೀನಿ ಅಂತ ಮನೆಯವರಿಗೆ ಹೇಳಿದ್ದನಂತೆ. ಅವನ ಮಗ ಹೇಳಿದ ಮಾತು ಇದು. ಏಪ್ರಿಲ್ 6ಕ್ಕೇ ಹೋದ. ಸರಿಯಾಗಿ 79.

ನಾನು ಆ ದಿನ ಪಾಳಿ ಮುಗಿಸಿ ಬಸ್ಸಿನಲ್ಲಿ ಬರ್ತಿದ್ದೆ. ಫೋನಿನಲ್ಲಿ ಹುಟ್ಟುಹಬ್ಬದ ಶುಭಾಶಯ ಓದ್ತಾ ಇದ್ದ ಹಾಗೇ ಸಾವಿನ ಸುದ್ದಿ ಬಂತು. ಬಸ್ ಇಳಿಯೋದೇ ಮರೆತೆ. ಹಾಗಾಗಿ ಏಪ್ರಿಲ್ 6 ಅಂದರೆ ನನಗೆ ಮರ್ಲ್ ಮಾತ್ರ ಆಗಿಬಿಟ್ಟಿದ್ದ. ನಿನ್ನೆ ನಿಮ್ಮದೆಲ್ಲ ಓದಿ ಹುಡುಕಿದರೆ ಟ್ಯಾಮಿ ವೈನೆಟ್ ಹೋದದ್ದೂ ಅದೇ ದಿನ, 1998ರಲ್ಲಿ. 55 ವರ್ಷ. ಎಂಥ ಗಾಯಕಿ! ಇಷ್ಟು ವರ್ಷ ಆಯಮ್ಮನ ಒಂದು ಹಾಡೂ ಆ ದಿನ ನಾನು ಹಾಕಿಲ್ಲ.

ಕಂಬರ್ಲೆಂಡ್_ದಂಡೆ

ಟ್ಯಾಮಿ ಹೆಸರು ಬಂದಮೇಲೆ ಜಾರ್ಜ್ ಜೋನ್ಸ್ ಬರಲೇಬೇಕು. 1969ರಲ್ಲಿ ಮದುವೆಯಾಗಿ 1975ರಲ್ಲಿ ಬೇರೆಯಾದವರು. ಜೋನ್ಸ್ ಹುಟ್ಟಿದ್ದು 1931ರ ಸೆಪ್ಟೆಂಬರ್ 12. ಜಾನಿ ಕ್ಯಾಶ್ ಹೋದದ್ದು 2003ರ ಸೆಪ್ಟೆಂಬರ್ 12. ಜೂನ್ ಕಾರ್ಟರ್ ಹೋಗಿ ನಾಲ್ಕು ತಿಂಗಳೂ ಆಗಿರಲಿಲ್ಲ. ಮೇ 15ಕ್ಕೆ ಹೆಂಡತಿ ಹೋದರು, ಜುಲೈ 5ಕ್ಕೆ ಅವರ ತವರಿನ ಕಡೆಯ ಕಾರ್ಟರ್ ಫ್ಯಾಮಿಲಿ ಫೋಲ್ಡ್‌ನಲ್ಲಿ ಕ್ಯಾಶ್ ಕೊನೆಯ ಬಾರಿ ಹಾಡಿದರು.

ಹುಟ್ಟಿದ ದಿನದ ಗೊಂದಲಕ್ಕೆ ಇನ್ನೆರಡು. ವಿಲ್ಲಿ ನೆಲ್ಸನ್ ಹುಟ್ಟಿದ್ದು 1933ರ ಏಪ್ರಿಲ್ 29ರ ರಾತ್ರಿ, ಟೆಕ್ಸಸ್‌ನ ಆಬಟ್‌ನಲ್ಲಿ. ದಾಖಲೆಯಲ್ಲಿ ಬಿದ್ದದ್ದು 30. ಅವರಿಗೆ ಎರಡೂ ಹುಟ್ಟುಹಬ್ಬವೇ. 90 ತುಂಬಿದಾಗ ಲಾಸ್ ಏಂಜಲೀಸ್‌ನ ಹಾಲಿವುಡ್ ಬೌಲ್‌ನಲ್ಲಿ 29 ಮತ್ತು 30, ಎರಡು ರಾತ್ರಿಯೂ ಕಛೇರಿ ನಡೆಯಿತು.

ಲೊರೆಟ್ಟಾ ಲಿನ್ ಅವರದು ದಿನ ಸರಿ, ವರ್ಷದಲ್ಲಿ ತಕರಾರು. 13ನೇ ವಯಸ್ಸಿಗೆ ಮದುವೆಯಾಯಿತು ಎಂದು ಅವರೇ ಬರೆದುಕೊಂಡಿದ್ದರು, ಲೋಕವೆಲ್ಲ ನಂಬಿತ್ತು. 2012ರಲ್ಲಿ ಪತ್ರಕರ್ತರು ಕೆಂಟಕಿಯ ದಾಖಲೆ ತೆಗೆಸಿದರೆ ಹುಟ್ಟಿದ್ದು 1932ರ ಏಪ್ರಿಲ್ 14. 1948ರ ಜನವರಿಯಲ್ಲಿ ಮದುವೆಯಾದಾಗ 15. ಇದನ್ನು ಸುಳ್ಳು ಅಂತ ನಾನು ಕರೆಯಲಾರೆ. ನಮ್ಮಜ್ಜಿಯ ವಯಸ್ಸೂ ಪ್ರತಿ ಕಾರ್ಡಿನಲ್ಲಿ ಒಂದೊಂದು ಥರ ಇತ್ತು. ಕಲ್ಲಿದ್ದಲು ಗಣಿಯ ಕೊರಕಲಿನಲ್ಲಿ ಬೆಳೆದು, 15ಕ್ಕೆ ಸಂಸಾರ ಹೊತ್ತ ಹುಡುಗಿಗೆ ಹಿಂತಿರುಗಿ ನೋಡಿದಾಗ ತಾನು ಅಷ್ಟು ಚಿಕ್ಕವಳಾಗಿ ಕಂಡಿದ್ದರೆ ಅದೂ ಒಂದು ನಿಜವೇ.

ಪಿಟೀಲು_ಪ್ರಿಯ

ದಾಖಲೆ ಇದ್ದವರ ಮಾತಾಯಿತು. ದಾಖಲೆಯೇ ಸರಿಯಾಗಿ ಇಲ್ಲದವರಿಗೆ ಯಾವ ಪುಟ?

ಹ್ಯಾಂಕ್ ವಿಲಿಯಮ್ಸ್‌ಗೆ ಬಾಲ್ಯದಲ್ಲಿ ಗಿಟಾರ್ ಕಲಿಸಿದವರು ರೂಫಸ್ ಪೇನ್, ಟೀ ಟಾಟ್ ಎಂದು ಕರೆಯುತ್ತಿದ್ದರು. ಬೀದಿಯಲ್ಲಿ ಹಾಡುತ್ತಿದ್ದ ಕಪ್ಪು ಜನಾಂಗದವರು. ನನಗೆ ಸಂಗೀತ ಹೇಳಿಕೊಟ್ಟವರು ಅವರೇ ಎಂದು ಹ್ಯಾಂಕ್ ಸ್ಪಷ್ಟವಾಗಿ ಹೇಳಿದ್ದಾರೆ. 1939ರಲ್ಲಿ ಮಾಂಟ್‌ಗಮರಿಯಲ್ಲಿ ಬಡತನದಲ್ಲಿ ತೀರಿಕೊಂಡರು. ಸಮಾಧಿಗೆ ಗುರುತಿನ ಕಲ್ಲೂ ಇರಲಿಲ್ಲ. ಅದೇ ಊರಿನಲ್ಲಿ ಶಿಷ್ಯನ ಸಮಾಧಿಗೆ ಇವತ್ತಿಗೂ ಜನ ಹೂವಿಡುತ್ತಾರೆ.

ಲೆಸ್ಲಿ ರಿಡಲ್ ಇದ್ದಾರೆ. ಎ. ಪಿ. ಕಾರ್ಟರ್ ಊರೂರು ಸುತ್ತಿ ಹಾಡು ಸಂಗ್ರಹಿಸಿದಾಗ ಜೊತೆಗಿದ್ದ ಕಪ್ಪು ಗಿಟಾರ್ ವಾದಕರು. ಕಾರ್ಟರ್ ಸಾಹಿತ್ಯ ಬರೆದುಕೊಂಡರೆ, ರಿಡಲ್ ಮಟ್ಟನ್ನು ತಲೆಯಲ್ಲಿ ಹೊತ್ತು ತಂದು ಮನೆಯಲ್ಲಿ ನುಡಿಸಿ ತೋರಿಸುತ್ತಿದ್ದರು. ಸಿಮೆಂಟ್ ಕಾರ್ಖಾನೆಯ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡವರು.

ಮತ್ತೆ ಡಿಫೋರ್ಡ್ ಬೇಲಿ. ಇವರದು ದಾಖಲೆ ಇದೆ, 1899ರ ಡಿಸೆಂಬರ್ 14. ಹಾರ್ಮೋನಿಕಾದಲ್ಲಿ ರೈಲು ಓಡಿಸುತ್ತಿದ್ದರು. 1927ರ ಡಿಸೆಂಬರ್ 10ಕ್ಕೆ ರೇಡಿಯೋದಲ್ಲಿ ಶಾಸ್ತ್ರೀಯ ಸಂಗೀತದ ಕಾರ್ಯಕ್ರಮ ಮುಗಿದ ಬೆನ್ನಿಗೆ ಬೇಲಿ ನುಡಿಸಿದರು. ಇಷ್ಟು ಹೊತ್ತು ಗ್ರ್ಯಾಂಡ್ ಆಪರಾ ಕೇಳಿದಿರಿ, ಇನ್ನು ಗ್ರ್ಯಾಂಡ್ ಓಲ್ ಆಪ್ರಿ ಎಂದು ಜಾರ್ಜ್ ಹೇ ಅಂದ ಮಾತೇ ಆ ಕಾರ್ಯಕ್ರಮಕ್ಕೆ ಹೆಸರಾಯಿತು. ಆ ಹೆಸರು ಹುಟ್ಟಿದ ರಾತ್ರಿ ನುಡಿಸಿದವರನ್ನು 1941ರಲ್ಲಿ ತೆಗೆದುಹಾಕಿದರು. ಮುಂದೆ ನ್ಯಾಶ್‌ವಿಲ್‌ನಲ್ಲೇ ಬೂಟು ಪಾಲಿಶ್ ಅಂಗಡಿ ಇಟ್ಟು ಬದುಕಿದರು. 1982ರಲ್ಲಿ ತೀರಿಕೊಂಡರು. ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2005ರಲ್ಲಿ. ಅಷ್ಟು ವರ್ಷ ಅದೇ ಊರಿನಲ್ಲಿ ಬದುಕಿದ್ದವರನ್ನು ಕಣ್ಣೆತ್ತಿ ನೋಡದೆ ಇದ್ದದ್ದು ನನಗೆ ಇವತ್ತಿಗೂ ಸಂಕಟ ಕೊಡುತ್ತದೆ.

ಪೇನ್‌ಗೆ ಹ್ಯಾಂಕ್‌ನ ಹುಟ್ಟಿದ ದಿನವೇ ಒಂದು ಸಾಲು ಕೊಡಿ. ರಿಡಲ್‌ಗೆ ಆಗಸ್ಟ್ 1. ಬೇಲಿಗೆ 14ರ ಜೊತೆ ಡಿಸೆಂಬರ್ 10 ಕೂಡ.

ಹೊಸ_ಕೇಳುಗ

ಇದನ್ನೆಲ್ಲ ಒಂದೇ ಕಡೆ ಓದಿದ್ದು ನನಗೆ ಇದೇ ಮೊದಲು. ಡಿಫೋರ್ಡ್ ಬೇಲಿಯ ರೈಲು ಈಗಷ್ಟೇ ಕೇಳಿದೆ. ಬಾಯಿಯಿಂದ ಇದು ಹೇಗೆ ಸಾಧ್ಯ ಅಂತ ಮೂರು ಸಲ ಹಾಕಿದೆ.

ಗ್ರಾಮಫೋನ್_ಮನೆ

ಎರಡು ದಿನದಿಂದ ಇಲ್ಲಿಗೆ ಬರಲಾಗಲಿಲ್ಲ, ಬರೆಯುತ್ತಾ ಕೂತಿದ್ದೆ. ದಪ್ಪ ಅಕ್ಷರ ಬಿಟ್ಟೆ. ಎಲ್ಲ ಹೆಸರೂ ಒಂದೇ ಗಾತ್ರ, ಇಸವಿಯ ಕ್ರಮದಲ್ಲಿ. ಮಾರ್ಚ್ 5ರಲ್ಲಿ ನಾಲ್ಕೂ ಹೆಸರು ಪೂರ್ತಿ ಬರೆದೆ, 7ಕ್ಕೆ ಆಂಗ್ಲಿನ್. ಹಾಕಿನ್ಸ್‌ಗೆ ಜನವರಿ 1ರಲ್ಲೂ ಒಂದು ಸಾಲು.

ಬರೆಯುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಈ ಸಂಗೀತದಲ್ಲಿ ಪುಣ್ಯತಿಥಿಯನ್ನು ಊರಹಬ್ಬದ ಹಾಗೆ ಮಾಡಿದ್ದು ರಾಡ್ಜರ್ಸ್‌ಗೆ. ತೀರಿಕೊಂಡು 20 ವರ್ಷಕ್ಕೆ, 1953ರ ಮೇ 26ರಂದು, ಮೆರಿಡಿಯನ್‌ನಲ್ಲಿ ಸ್ಮಾರಕ ನಿಲ್ಲಿಸಿ ದೊಡ್ಡ ಸ್ಮರಣೆ ನಡೆಸಿದರು. ಮುಂದೆ ನಿಂತವರು ಹ್ಯಾಂಕ್ ಸ್ನೋ ಮತ್ತು ಅರ್ನೆಸ್ಟ್ ಟಬ್. ಟಬ್ ಹುಡುಗನಾಗಿದ್ದಾಗ ರಾಡ್ಜರ್ಸ್‌ರ ವಿಧವೆ ಕ್ಯಾರಿ ಗಂಡನ ಗಿಟಾರನ್ನೇ ಇವರ ಕೈಗೆ ಕೊಟ್ಟಿದ್ದರು. ಅದನ್ನು ಅವರು ಹತ್ತಾರು ವರ್ಷ ನುಡಿಸಿದರು. ಆ ಟಬ್ ಹೋದದ್ದು 1984ರ ಸೆಪ್ಟೆಂಬರ್ 6. ಗುರುವಿನ ಹುಟ್ಟಿದ ದಿನಕ್ಕೆ ಇನ್ನೆರಡೇ ದಿನ ಇತ್ತು.

ಸೆಪ್ಟೆಂಬರ್ ಪೂರ್ತಿ ಹೀಗೆಯೇ. 9ಕ್ಕೆ ಬಿಲ್ ಮನ್ರೋ ಹೋದರು, 13 ಅವರ ಹುಟ್ಟುಹಬ್ಬ. 15 ರಾಯ್ ಏಕಫ್, 17 ಹ್ಯಾಂಕ್ ಹುಟ್ಟಿದ ದಿನ. 25ಕ್ಕೆ ಜೀನ್ ಶೆಪರ್ಡ್ ಹೋದರು, 2016ರಲ್ಲಿ. ಗಂಡ ಹೋದ ಮೇಲೆ 53 ವರ್ಷ ಹಾಡಿಕೊಂಡು ಮಕ್ಕಳನ್ನು ಸಾಕಿ ಬದುಕಿದವರು.

ಪಿಟೀಲು_ಪ್ರಿಯ

ಸೆಪ್ಟೆಂಬರ್ 8ಕ್ಕೆ ಇನ್ನೊಂದು ಸೇರಿಸಿಕೊಳ್ಳಿ. ರಾಡ್ಜರ್ಸ್‌ಗೂ ಡಾನ್ ವಿಲಿಯಮ್ಸ್‌ಗೂ ನಡುವೆ ಕೀನ್ಯಾ ಇದೆ. ರಾಡ್ಜರ್ಸ್ ರೆಕಾರ್ಡುಗಳು ಅಲ್ಲಿಯ ಕಿಪ್ಸಿಗಿಸ್ ಜನರ ಊರು ಮುಟ್ಟಿದ್ದವು. ಅವರು ಆ ಹೆಸರನ್ನು ಚೆಮಿರೋಚಾ ಎಂದು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ಹಾಡು ಕಟ್ಟಿದರು. 1950ರಲ್ಲಿ ಹ್ಯೂ ಟ್ರೇಸಿ ಎಂಬ ಸಂಗ್ರಾಹಕರು ಅದನ್ನು ಧ್ವನಿಮುದ್ರಿಸಿದರು, ಹೆಣ್ಣುಮಕ್ಕಳು ಹಾಡಿದ್ದು. ಮುಂದಿನ ತಲೆಮಾರಿಗೆ ಅದೇ ಕೀನ್ಯಾದಲ್ಲಿ ಡಾನ್ ವಿಲಿಯಮ್ಸ್ ಮನೆಮಾತು. ಅವರು ಹೋದ ದಿನ ಅಲ್ಲಿಯೂ ಜನ ಕಣ್ಣೀರಿಟ್ಟರು.

ಚಾಂಪಿಯನ್_ರೀಫ್

ಕೆಜಿಎಫ್‌ನಲ್ಲಿ ಅಪ್ಪ ಹೇಳುತ್ತಿದ್ದದ್ದೂ ಹಾಗೇ, ‘ಜಿಮ್‌ರೀಸು’ ಅಂತ. ನಾವು ಚಿಕ್ಕವರಿದ್ದಾಗ ಅದು ನಮ್ಮ ನೆಂಟರ ಪೈಕಿ ಯಾರದೋ ಹೆಸರು ಅಂದುಕೊಂಡಿದ್ದೆವು.

ಸಾರ್, ಒಂದು ತಿದ್ದುಪಡಿ. ರೀವ್ಸ್ ಬಗ್ಗೆ ಬರೆಯುವಾಗ ನಾನೂ ಒಬ್ಬರನ್ನು ಬಿಟ್ಟೆ. ಆ ವಿಮಾನದಲ್ಲಿ ಅವರ ಪಿಯಾನೋ ವಾದಕರು ಡೀನ್ ಮ್ಯಾನುಯಲ್ ಇದ್ದರು, ಅವರೂ ಹೋದರು. ಜುಲೈ 31ಕ್ಕೆ ಆ ಹೆಸರು ಬರೆಯಿರಿ. ಅಪ್ಪನ ಡೈರಿಯಲ್ಲಿ ಆಗಸ್ಟ್ 4ರ ಸಾಲಿನ ಕೆಳಗೆ ನಾನು ಈಗ ಬರೆದೆ.